ಅಕ್ಕ ಕಂಪ್ಯೂಟರ್ ಆಗಿದ್ದ ದಿನಗಳು

ಪಕ್ಕದ ಮನೆಯವರು ಮಾಳಿಗೆಯ ಮೇಲೆ ಹುಣಸೆಹಣ್ಣು ಬಡಿಯುವುದಕ್ಕೆ ಕೂತು ಮೂರು ದಿನವಾಯಿತು. ಮುಳಬಾಗಿಲಿನ ನಮ್ಮ ಬೀದಿಗೆಲ್ಲ ಅದೇ ಹುಳಿಘಾಟು. ಹೊಸ ಹುಣಸೆಯ ವಾಸನೆಗೆ ಎಲ್ಲರಿಗೂ ಬಾಯಲ್ಲಿ ನೀರೂರುತ್ತದೆ. ನನಗೆ ಅದರ ಜೊತೆಗೆ ಬೆರಳೂ ತುರಿಸುತ್ತದೆ. ನಿನ್ನೆ ಸಂಜೆ ಒಣಗಿದ ಬಟ್ಟೆ ತರಲು ಮೇಲೆ ಹತ್ತಿದವನು ಗೋಡೆಯಾಚೆ ರಾಶಿ ಬಿದ್ದಿದ್ದ ಬೀಜ ಕಂಡೆ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಕೈ ಚಾಚಿ ಒಂದು ಹಿಡಿ ಬಾಚಿಕೊಂಡು ಜೇಬಿಗೆ ಹಾಕಿಕೊಂಡೆ. ರಿಟೈರಾದ ಗಣಿತದ ಮೇಷ್ಟ್ರು ಹುಣಸೆಬೀಜ ಕದ್ದರೆಂದು ನೀವು ಯಾರಿಗೂ ಹೇಳಬೇಡಿ. ಕೆಳಗಿಳಿದು ಬಂದು ಮೇಜಿನ ಮೇಲೆ ಏಳು ಬೀಜ ಎಣಿಸಿಟ್ಟೆ. ಇನ್ನೊಂದು ಸೇರಿಸಿದೆ. "ಎ ಈಗ ಎಂಟು" ಎಂದು ಬಾಯಿ ತಾನಾಗಿ ಅಂದಿತು. ಕಾಫಿ ತಂದಿಟ್ಟ ಹೆಂಡತಿ ನನ್ನ ಮುಖ ನೋಡಿ ಒಳಗೆ ಹೋದಳು. ಇಷ್ಟು ವರ್ಷ ನನ್ನ ಜೊತೆ ಏಗಿದವಳಿಗೆ ಇಂಥವೆಲ್ಲ ಮಾಮೂಲು.

ವಿಷಯ ಇಷ್ಟೇ. ನಾನು ಕಂಪ್ಯೂಟರ್ ಪ್ರೋಗ್ರಾಮಿಂಗ್ ಕಲಿತದ್ದು ಹುಣಸೆಬೀಜದಲ್ಲಿ. ನಗಬೇಡಿ, ಅಥವಾ ನಗಿ, ನಮ್ಮಕ್ಕನೂ ನಕ್ಕಿದ್ದಳು. ಎಂಬತ್ತರ ದಶಕದ ನಡುವಿನ ಮಾತು. ಆಗ ನಾವು ದೇವರಾಯಸಮುದ್ರದ ಕೆರೆಯ ಹಿಂದೊಂದು ಹಳ್ಳಿಯಲ್ಲಿದ್ದೆವು. ನಾವು ಅಂದರೆ ನಾನು ಮತ್ತು ಅಕ್ಕ ಮುನಿರತ್ನಮ್ಮ, ಇಬ್ಬರೇ. ಅಮ್ಮ ತೀರಿಕೊಂಡಾಗ ನನಗೆ ಎಂಟು, ಅಕ್ಕನಿಗೆ ಹದಿನಾರು. ಇನ್ನು ನಾಲ್ಕು ವರ್ಷಕ್ಕೆ ಅಪ್ಪನೂ ಹೋದರು. ಆಮೇಲೆ ಎರಡು ಎಕರೆ ಹಿಪ್ಪುನೇರಳೆ ತೋಟ, ರೇಷ್ಮೆಹುಳ, ನಾನು, ಈ ಮೂರನ್ನೂ ಸಾಕಿದವಳು ಅವಳೇ. ನಾನು ಬಿಎಸ್ಸಿ ಮುಗಿಸಿ ಮುಳಬಾಗಿಲಿನ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರಾಗುವ ಹೊತ್ತಿಗೆ ಅಕ್ಕನಿಗೆ ಮೂವತ್ತು ದಾಟಿತ್ತು. ಅವಳ ಮದುವೆಯ ಮಾತು ಮೊದಮೊದಲು "ತಮ್ಮ ಒಂದು ದಡ ಸೇರಲಿ" ಎಂದು ನಿಂತಿತು; ತಮ್ಮ ದಡ ಸೇರಿದ ಮೇಲೆ ಮಾತಾಡುವವರೇ ಇರಲಿಲ್ಲ. ಅಂಥದ್ದರಲ್ಲಿ ಆ ವರ್ಷ ಚಳಿಗಾಲಕ್ಕೆ ನಮ್ಮ ಮನೆಗೆ ಎರಡು ಬಂದವು. ಒಂದು, ಪ್ರೋಗ್ರಾಮಿಂಗ್ ಕಲಿಸುವ ಪುಸ್ತಕ. ಇನ್ನೊಂದು, ಮಾಲೂರಿನಿಂದ ಅಕ್ಕನಿಗೊಂದು ಸಂಬಂಧ. ಪುಸ್ತಕದ ಮಾತನ್ನು ಮೊದಲು ಹೇಳುತ್ತೇನೆ, ಯಾಕೆಂದರೆ ಅದನ್ನು ಹೇಳುವುದು ಸುಲಭ.

ನಮ್ಮ ಹೆಡ್‌ಮಾಸ್ಟರು ಒಂದು ದಿನ ನನ್ನನ್ನು ಕರೆದು, "ಕಮಿಟಿಯವರು ಸ್ಕೂಲಿಗೆ ಕಂಪ್ಯೂಟರ್ ತರ್ತಾರಂತೆ ಮೇಷ್ಟ್ರೇ. ಅದು ಬರೋ ಅಷ್ಟರಲ್ಲಿ ನೀವು ಕಲ್ತಿರಿ" ಎಂದರು. ಸೈಕಲ್ ಕಲಿತಿರಿ ಅನ್ನುವ ಹಾಗೆ ಹೇಳಿದರು, ನಾನೂ ಹಾಗೆಯೇ ಒಪ್ಪಿಕೊಂಡೆ. ಸೈಕಲ್ಲಾದರೆ ಗಂಟೆಗಿಷ್ಟು ಎಂದು ಬಾಡಿಗೆಗಾದರೂ ಸಿಗುತ್ತದೆ, ಇದಕ್ಕೆ ಅದೂ ಇಲ್ಲವಲ್ಲ ಎನ್ನುವುದು ಹೊಳೆದದ್ದು ಮನೆಗೆ ಬಂದ ಮೇಲೆ. ಭಾನುವಾರ ಬೆಂಗಳೂರಿಗೆ ಹೋಗಿ, ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ ತಡಕಾಡಿ, ಹೊಸಬರಿಗೆ ಬೇಸಿಕ್ ಭಾಷೆ ಕಲಿಸುವ ಒಂದು ಗೈಡು ಹಿಡಿದು ತಂದೆ. ಇಂಗ್ಲಿಷ್ ಪುಸ್ತಕ. ಪುಟಪುಟಕ್ಕೂ ಕೈಕಾಲು ಬಂದ ಕಂಪ್ಯೂಟರೊಂದು ಹಲ್ಲು ಕಿರಿಯುತ್ತ ನಿಂತ ಚಿತ್ರ. ಮುನ್ನುಡಿಯಲ್ಲೇ, ಇದಕ್ಕೆ ಮೊದಲು ನಿಮಗೆ ಏನೂ ಗೊತ್ತಿರಬೇಕಾಗಿಲ್ಲ ಎಂಬ ಅಭಯ. ಆ ಒಂದು ಅರ್ಹತೆ ನನ್ನಲ್ಲಿ ಧಾರಾಳವಾಗಿತ್ತು.

ಪುಸ್ತಕ ಬಿಡಿಸುವ ಮುಂಚೆ ಕುರುಡುಮಲೆ ಗಣಪನಿಗೆ ತೋರಿಸಿಕೊಂಡು ಬಾ ಎಂದಳು ಅಕ್ಕ. ನಮ್ಮ ಕಡೆ ಹೊಸ ಸ್ಕೂಟರಿನಿಂದ ಹಿಡಿದು ಲಗ್ನಪತ್ರಿಕೆಯವರೆಗೆ ಎಲ್ಲವೂ ಅಲ್ಲಿಗೆ ಹೋಗಿಯೇ ಬರಬೇಕು. ಅರ್ಚಕರು ಪುಸ್ತಕ ತಿರುವಿ ನೋಡಿ, "ಇದ್ಯಾವ ಪಂಚಾಂಗಾನಪ್ಪ?" ಎಂದರು. ಕಂಪ್ಯೂಟರ್ ಪುಸ್ತಕ ಎಂದೆ. "ವಿದ್ಯೆ ಯಾವ್ದಾದ್ರೇನು" ಎಂದವರೇ, ಹಲ್ಲು ಕಿರಿಯುತ್ತಿದ್ದ ಆ ಯಂತ್ರದ ಹಣೆಗೇ ಸರಿಯಾಗಿ ಕುಂಕುಮ ಹಚ್ಚಿ ಕೊಟ್ಟರು. ಅಷ್ಟು ದೊಡ್ಡ ಗಣಪನ ಮುಂದೆ ನನ್ನ ಪುಟ್ಟ ಪುಸ್ತಕ ಹಿಡಿದು ನಿಂತಾಗ ನನಗೆ ನಿಜವಾಗಿಯೂ ಭಕ್ತಿ ಬಂದಿತ್ತು, ಸುಳ್ಳು ಹೇಳುವುದಿಲ್ಲ.

ಆದರೆ ಗಣಪನೂ ಯಂತ್ರ ಕೊಡಲಿಲ್ಲ. ಪುಸ್ತಕದ ಪ್ರತಿ ಪಾಠವೂ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು: ಈಗ 'ರನ್' ಎಂದು ಒತ್ತಿ, ಪರದೆಯ ಮೇಲೆ ಏನು ಕಾಣುತ್ತದೆ ನೋಡಿ. ನಾನು ತಲೆ ಎತ್ತಿ ನೋಡಿದರೆ ಗೋಡೆಯ ಮೇಲೆ ಹಲ್ಲಿ ಕಾಣುತ್ತಿತ್ತು. ಎರಡನೆಯ ಸಂಜೆ ಬೇಜಾರಿಗೆ ಪುಸ್ತಕದಲ್ಲಿದ್ದ ಕೀಬೋರ್ಡಿನ ಚಿತ್ರದ ಮೇಲೇ ಬೆರಳಿಟ್ಟು ಒತ್ತುತ್ತಿದ್ದೆ. ಪಡಸಾಲೆಯಲ್ಲಿ ಕೂತು ಹುಳಕ್ಕೆ ಸೊಪ್ಪು ಕತ್ತರಿಸುತ್ತಿದ್ದ ಅಕ್ಕ ನೋಡಿದಳು.

"ಏನ್ಲಾ ಅದು, ಪುಸ್ತಕಕ್ಕೆ ತಿವೀತಾ ಕೂತಿದ್ದೀಯ?"

"ಇದಕ್ಕೊಂದು ಯಂತ್ರ ಬೇಕು ಕಣಕ್ಕಾ. ನಾವು ಸಾಲುಸಾಲಾಗಿ ಏನು ಬರೀತೀವೋ ಅದನ್ನ ಅದು ಸಾಲುಸಾಲಾಗಿ ಮಾಡುತ್ತೆ. ಹೇಳಿದ್ದಷ್ಟೇ. ಸ್ವಂತ ಬುದ್ಧಿ ಉಪಯೋಗಿಸೋದಿಲ್ಲ."

"ಅಷ್ಟೇನಾ? ಅದಕ್ಯಾಕೆ ಯಂತ್ರ? ಸೊಪ್ಪು ಹಾಕಿ ಬರ್ತೀನಿ, ಇರು. ನಾನೇ ಆಗ್ತೀನಿ."

ಹೀಗೆ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನಮ್ಮಕ್ಕ ಕಂಪ್ಯೂಟರ್ ಆದಳು. ಮಸಾಲೆ ಡಬ್ಬಿಯೊಳಗಿನ ಮೂರು ಬಟ್ಟಲು ತೆಗೆದು, ಸಾಸಿವೆ ಮೆಂತ್ಯ ಬೇರೆ ಕಡೆ ಸುರಿದು, ಅವಕ್ಕೆ ಸೀಮೆಸುಣ್ಣದಲ್ಲಿ ಎ, ಬಿ, ಸಿ ಎಂದು ಬರೆದೆವು. ಮಧ್ಯದಲ್ಲಿ ಒಂದು ಮೊರದ ತುಂಬ ಹುಣಸೆಬೀಜ. ನಾನು ಪುಸ್ತಕದ ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಬೇಕು, ಅವಳು ಬಟ್ಟಲಿಗೆ ಬೀಜ ಹಾಕುವುದೋ ತೆಗೆಯುವುದೋ ಮಾಡಬೇಕು. 'ಪ್ರಿಂಟ್' ಎಂದು ಬಂದರೆ ಆ ಬಟ್ಟಲಲ್ಲಿ ಎಷ್ಟಿವೆ ಎಂದು ಗಟ್ಟಿಯಾಗಿ ಕೂಗಬೇಕು. ಅಕ್ಕ ಪ್ರೀತಿಗೆ ಕನ್ನಡ, ಸಿಟ್ಟಿಗೆ ತೆಲುಗು ಆಡುವವಳು. ಎಣಿಕೆ ಮಾತ್ರ ಯಾವಾಗಲೂ ತೆಲುಗು. "ಒಕಟಿ, ರೆಂಡು, ಮೂಡು..." ನನ್ನ ಮೊದಲ ಕಂಪ್ಯೂಟರ್ ಉತ್ತರ ಕೊಟ್ಟದ್ದು ತೆಲುಗಿನಲ್ಲಿ.

ಮೂರನೆಯ ಪಾಠಕ್ಕೆ ನಾನು ಮುಗ್ಗರಿಸಿದೆ. ಅಲ್ಲೊಂದು ಸಾಲಿತ್ತು: ಎ ಸಮ ಎ ಕೂಡಿಸು ಒಂದು. ಗಣಿತದ ಮೇಷ್ಟ್ರಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೆ? ಒಂದು ಸಂಖ್ಯೆ ತನಗಿಂತ ಒಂದು ಹೆಚ್ಚಾದ ಸಂಖ್ಯೆಗೆ ಸಮ ಆಗುವುದಾದರೆ ನಾನು ಮಕ್ಕಳ ಕಿವಿ ಹಿಂಡಿ ಕಲಿಸಿದ್ದೆಲ್ಲ ಮಣ್ಣುಪಾಲು. ಅಚ್ಚಿನ ತಪ್ಪಿರಬೇಕೆಂದು ಪೆನ್ಸಿಲಿನಲ್ಲಿ ತಿದ್ದಿದೆ. ಮುಂದಿನ ಪುಟದಲ್ಲೂ ಅದೇ ಇತ್ತು. ಎರಡು ದಿನ ಮುಖ ಗಂಟಿಕ್ಕಿಕೊಂಡು ಓಡಾಡಿದೆ. ಮೂರನೆಯ ದಿನ ಅಕ್ಕ, "ಅದೇನು ಬರೆದವ್ರೆ, ಓದು" ಎಂದಳು. ಓದಿದೆ. ಅವಳು ಎ ಬಟ್ಟಲಿನಲ್ಲಿದ್ದ ಏಳು ಬೀಜದ ಜೊತೆಗೆ ಇನ್ನೊಂದು ಹಾಕಿ, "ಇದ್ದಿದ್ದಕ್ಕೆ ಒಂದು ಸೇರ್ಸು ಅಂತ ತಾನೆ? ಇದ್ರಲ್ಲೇನೋ ಕಷ್ಟ, ಹುಂಡಿಗೆ ಕಾಸು ಹಾಕಿದಂಗೆ" ಎಂದು ಬಟ್ಟಲು ಕುಲುಕಿದಳು. ನಾನು ಪುಸ್ತಕವನ್ನೂ ಬಟ್ಟಲನ್ನೂ ನೋಡಿದೆ. ಬಿಎಸ್ಸಿ ಓದಿದ ನನಗೆ ಅಡ್ಡ ಬಂದದ್ದು ನನ್ನ ಬಿಎಸ್ಸಿಯೇ ಆಗಿತ್ತು.

ಆಮೇಲೆ ನಮ್ಮ ವಿದ್ಯಾಭ್ಯಾಸ ಭರದಿಂದ ಸಾಗಿತು. ಒಂದು ಸಂಜೆ, ಬಟ್ಟಲಿಗೆ ಒಂದು ಬೀಜ ಹಾಕು, ಮತ್ತೆ ಹಿಂದಿನ ಸಾಲಿಗೆ ಹೋಗು ಎಂದು ಎರಡು ಸಾಲು ಬರೆದುಕೊಟ್ಟು ನಾನು ಕೈಕಾಲು ತೊಳೆಯಲು ಹೋದೆ. ಬಂದು ನೋಡಿದರೆ ಬಟ್ಟಲು ತುಂಬಿ, ನೆಲದ ಮೇಲೆಲ್ಲ ಬೀಜ ಉರುಳಿ, ಒಲೆಯ ಮೇಲೆ ಬೇಳೆ ಸೀಯುತ್ತಿತ್ತು. ಅಕ್ಕ "ನೂಟ ಅರವೈ ರೆಂಡು" ಎಂದು ನೂರ ಅರವತ್ತೆರಡರವರೆಗೆ ಎಣಿಸಿ ಒಂದೊಂದೇ ಬೀಜ ಹಾಕುತ್ತಲೇ ಇದ್ದಳು. "ಅಯ್ಯೋ, ಬೇಳೆ ಸೀದುಹೋಯ್ತಲ್ಲಕ್ಕಾ!" ಎಂದರೆ, "ನೀನು ನಿಲ್ಸು ಅಂತ ಎಲ್ಲಿ ಬರ್ದಿದ್ದೆ? ನಾನು ಯಂತ್ರ ಕಣೋ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ರಾತ್ರಿ ಸೀದ ಸಾರಿನಲ್ಲಿ ಮುದ್ದೆ ನುಂಗಿದೆವು. ಅಕ್ಕ ಅಷ್ಟು ನಕ್ಕದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಹದಿನಾರಕ್ಕೇ ಮನೆಯ ಭಾರ ಹೊತ್ತವಳು, ಆಟ ಆಡಿದ್ದು ಆಗಲೇ ಇರಬೇಕು.

ಪುಸ್ತಕದಲ್ಲಿ ಸಾಲುಗಳಿಗೆ ಹತ್ತು, ಇಪ್ಪತ್ತು, ಮೂವತ್ತು ಎಂದು ನಂಬರು ಹಾಕುತ್ತಿದ್ದರು. ನಡುವಿನ ಒಂಬತ್ತು ಎಲ್ಲಿ ಹೋದವು ಎಂದು ಅಕ್ಕ ಕೇಳಿದಳು. ಏನಾದರೂ ಬರೆಯುವುದು ಮರೆತಿದ್ದರೆ ಆಮೇಲೆ ನಡುವೆ ಸೇರಿಸಲು ಜಾಗ ಬಿಟ್ಟಿರುತ್ತಾರೆ ಎಂದೆ. "ಮರೀತಾರೆ ಅಂತ ಮೊದ್ಲೇ ಗೊತ್ತಾ ಅವ್ರಿಗೆ? ಒಳ್ಳೇ ಜನ" ಎಂದಳು.

ಒಂಬತ್ತನೆಯ ಪಾಠ 'ಇನ್‌ಪುಟ್' ಎನ್ನುವ ಅಪ್ಪಣೆಯದು. ಅಲ್ಲಿಯವರೆಗೆ ಹೇಳಿದ್ದನ್ನು ಮಾಡುತ್ತಿದ್ದ ಯಂತ್ರ, ಈ ಸಾಲು ಬಂದಾಗ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಎದುರಿಗಿರುವವರನ್ನು ಕೇಳಿ, ಉತ್ತರ ಬರುವವರೆಗೆ ಕಾಯುತ್ತದಂತೆ. ನಾಲ್ಕು ಪುಟ ಅದರ ಮೇಲೆಯೇ ಬರೆದಿದ್ದರು. ಕೇಳುವುದರಲ್ಲಿ ಕಲಿಯುವಂಥದ್ದೇನಿದೆ ಎಂದು ನಾನು ಆ ನಾಲ್ಕೂ ಪುಟ ಒಟ್ಟಿಗೆ ಮಗುಚಿದೆ. ಅಕ್ಕ ಇಣುಕಿ ನೋಡಿ, "ಅದೇನೋ ಬಿಟ್ಟೆ? ಕೊಕ್ಕೆ ಹಾಕಿದ್ರಲ್ಲ ಅಲ್ಲಿ" ಎಂದಳು. ಅದು ಯಂತ್ರ ನಮ್ಮನ್ನು ಕೇಳುವ ಪಾಠ, ನಮಗೆ ಬೇಡ ಎಂದೆ.

"ಹಂಗಾದ್ರೆ ನಾನು ಏನೂ ಕೇಳಂಗಿಲ್ಲ?"

"ಇಲ್ಲ. ಹೇಳಿದ್ದು ಮಾಡು, ಸಾಕು."

"ಅದು ನಂಗೆ ಸಲೀಸು ಬಿಡು. ಹುಟ್ಟಿದಾಗ್ಲಿಂದ ಅದೇ ತಾನೆ ಮಾಡ್ತಿರೋದು" ಎಂದು ಬೀಜ ಗುಡಿಸಿಕೊಂಡು ಎದ್ದಳು. ಆ ಮಾತು ಆಗ ನನ್ನ ಕಿವಿಗೆ ಬಿದ್ದಿತು, ಅಷ್ಟೇ.

ಮಾಲೂರಿನ ಮಾತು ಬಂದದ್ದು ಇದೇ ಹೊತ್ತಿಗೆ. ಅಲ್ಲಿ ನಮ್ಮ ಸೋದರಮಾವ ಇದ್ದರು. ಅವರ ಬೀದಿಯಲ್ಲಿ ಹೆಂಚಿನ ಕಾರ್ಖಾನೆಯ ಮೇಸ್ತ್ರಿಯೊಬ್ಬರು, ನಲವತ್ತರ ಹತ್ತಿರ, ಹೆಂಡತಿ ತೀರಿಕೊಂಡು ಐದು ವರ್ಷ, ಮಕ್ಕಳಿಲ್ಲ. "ಚಿನ್ನದಂಥ ಮನುಷ್ಯ ಕಣಮ್ಮ, ಬೀಡಿ ಕೂಡ ಸೇದಲ್ಲ" ಎಂದು ಮಾವ ಬಾಗಿಲಾಚೆ ನಿಂತೇ ಹೇಳಿದರು. ಬಾಗಿಲಾಚೆ ಯಾಕೆಂದರೆ ನಮ್ಮಲ್ಲಿ ಹುಳ ಇದ್ದವು. ಹುಳ ಇರುವ ಮನೆಗೆ ನೆಂಟರಿಷ್ಟರು ಕಾಲಿಡುವ ಹಾಗಿಲ್ಲ. ಕಣ್ಣು ತಾಗುತ್ತದೆ, ರೋಗ ತಗಲುತ್ತದೆ. ಆದ್ದರಿಂದ ಗಂಡಿನ ಕಡೆಯವರು ಹೆಣ್ಣು ನೋಡಲು ಬರುವಂತಿರಲಿಲ್ಲ, ಹೆಣ್ಣೇ ಮಾಲೂರಿಗೆ ಹೋಗಿ ಮಾವನ ಮನೆಯಲ್ಲಿ ಮೂರು ದಿನ ಇದ್ದು ಬರುವುದೆಂದು ಮಾತಾಯಿತು. ಹುಳದ ಈ ಬೆಳೆ ಮುಗಿಯುವವರೆಗೆ ಕಾಯಲು ಅವರಿಗೆ ಆಗುವುದಿಲ್ಲವಂತೆ, ಇನ್ನೊಂದು ಕಡೆಯೂ ಮಾತು ನಡೆದಿತ್ತಂತೆ. ಅಕ್ಕನಿಗೆ ಬಂದ ಸಂಬಂಧಗಳಲ್ಲಿ ಇದು ಕೊನೆಯದೆಂದು ನಮ್ಮ ಮೂವರಿಗೂ ಗೊತ್ತಿತ್ತು. ಅಕ್ಕ ತಲೆ ಬಗ್ಗಿಸಿಕೊಂಡು ಸೆರಗಿನ ತುದಿ ಸುತ್ತುತ್ತ, "ನಾಲ್ಕನೇ ಜ್ವರಕ್ಕೆ ಕೂತಾಗ ಬರ್ತೀನಿ ಮಾವ" ಎಂದಳು.

ಜ್ವರ ಎಂದರೆ ಹೆದರಬೇಡಿ. ರೇಷ್ಮೆಹುಳ ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು, ಧ್ಯಾನಕ್ಕೆ ಕೂತ ಹಾಗೆ ಕೂತುಬಿಡುತ್ತದೆ. ನಮ್ಮ ಕಡೆ ಅದನ್ನೇ ಜ್ವರ ಎನ್ನುವುದು. ಜ್ವರದಲ್ಲಿರುವಾಗ ಸೊಪ್ಪು ಹಾಕಬಾರದು, ಎದ್ದ ಮೇಲೆ ಹಾಕಬೇಕು. ಅಕ್ಕ ಹದಿನೇಳು ವರ್ಷದಲ್ಲಿ ಹುಳ ಬಿಟ್ಟು ಒಂದು ರಾತ್ರಿ ಹೊರಗೆ ಮಲಗಿದವಳಲ್ಲ. ಹೇಗೂ ಎರಡು ದಿನ ಸೊಪ್ಪಿನ ಕೆಲಸ ಇರುವುದಿಲ್ಲ, ಆಗ ಹೋಗಿಬಂದರೆ ತಮ್ಮನಿಗೆ ಕಷ್ಟವಾಗದು ಎಂದು ಅವಳ ಲೆಕ್ಕ. "ಸುಣ್ಣದ ಪುಡಿ ಉದುರ್ಸು. ಎಲ್ಲ ಎದ್ದ ಮೇಲೆ ಸೊಪ್ಪು ಹಾಕು. ಅಷ್ಟೇ ಕಣೋ" ಎಂದಳು.

"ನೀನೇನೂ ಯೋಚನೆ ಮಾಡ್ಬೇಡ. ಪ್ರೋಗ್ರಾಮ್ ಬರೆದಿದ್ದೀನಿ" ಎಂದೆ ನಾನು, ಎದೆ ಉಬ್ಬಿಸಿಕೊಂಡು. ನಿಜಕ್ಕೂ ಬರೆದಿದ್ದೆ. ನನ್ನ ಜೀವನದ ಮೊದಲ ಸ್ವಂತ ಪ್ರೋಗ್ರಾಮ್! ಡ್ರಾಯಿಂಗ್ ಹಾಳೆಯಲ್ಲಿ ಹತ್ತು, ಇಪ್ಪತ್ತು, ಮೂವತ್ತು ಎಂದು ನಂಬರು ಹಾಕಿ, ದಿನಕ್ಕೆ ಐದು ಸಲದ ಸೊಪ್ಪಿನ ವೇಳೆ, ಜ್ವರ ಎಷ್ಟನೆಯ ದಿನ, ಸುಣ್ಣ ಯಾವಾಗ, ಎಲ್ಲ ಬರೆದು ಹುಳದ ಮನೆಯ ಗೋಡೆಗೆ ಗಂಜಿಯಲ್ಲಿ ಅಂಟಿಸಿದ್ದೆ. ಅಕ್ಕ ಹೇಳಿದ "ಎಲ್ಲ ಎದ್ದ ಮೇಲೆ" ಎಂಬ ಮಾತು ನನ್ನಂಥ ಶಿಸ್ತಿನವನಿಗೆ ಹಿಡಿಸಿರಲಿಲ್ಲ. ಅದೂ ಒಂದು ಲೆಕ್ಕವೇ? ಹಿಂದಿನ ಬೆಳೆಯಲ್ಲಿ ಎಷ್ಟು ಹೊತ್ತು ಹಿಡಿದಿತ್ತೆಂದು ನೆನಪು ಮಾಡಿಕೊಂಡು, ಅದರ ಜಾಗದಲ್ಲಿ "ಮೂವತ್ತಾರು ಗಂಟೆಯ ನಂತರ ಸೊಪ್ಪು" ಎಂದು ಬರೆದೆ. ಕೆಳಗೆ ಎರಡು ಗೆರೆ ಎಳೆದೆ.

ಅಕ್ಕ ಬುಧವಾರ ಸಂಜೆ ಹುಳಗಳು ಕೂತದ್ದು ನೋಡಿಕೊಂಡು, ಗುರುವಾರ ಬೆಳಗಿನ ಬಸ್ಸಿಗೆ ಹೊರಟಳು. ಅಮ್ಮನ ಹಸಿರು ರೇಷ್ಮೆ ಸೀರೆ ಉಟ್ಟಿದ್ದಳು. ಅಷ್ಟು ಸಾವಿರ ಗೂಡು ಬೆಳೆದವಳ ಮೈಮೇಲೆ ರೇಷ್ಮೆ ನೋಡಿದ್ದು ನಾನು ಅದೇ ಮೊದಲು. ರಸ್ತೆಯವರೆಗೆ ಹೋಗಿ ಬಸ್ಸು ಹತ್ತಿಸಿದೆ. ನಾಚಿಕೆಗೋ ಏನೋ, ನನ್ನ ಕಡೆ ತಿರುಗದೆ ಒಳಗೆ ಹೋಗಿ ಕೂತಳು.

ಶುಕ್ರವಾರ ಬೆಳಿಗ್ಗೆ ಆರಕ್ಕೆ ಮೂವತ್ತಾರು ಗಂಟೆ ತುಂಬಿತು. ಆ ವಾರ ಚಳಿ ವಿಪರೀತ. ಚಳಿಯಲ್ಲಿ ಜ್ವರ ಏಳುವುದು ತಡ, ಇದು ನಮ್ಮ ಊರಿನ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಮೂವತ್ತು ತಟ್ಟೆಗಳಲ್ಲಿ ಅಲ್ಲೊಂದು ಇಲ್ಲೊಂದು ಹುಳ ಹರಿದಾಡುತ್ತಿತ್ತು; ಉಳಿದವು ತಲೆ ಎತ್ತಿ ಕೂತೇ ಇದ್ದವು. ನಾನು ಹುಳ ನೋಡಲಿಲ್ಲ, ಗಡಿಯಾರ ನೋಡಿದೆ, ಗೋಡೆ ನೋಡಿದೆ. ಇಬ್ಬನಿ ಆರದ ಸೊಪ್ಪು ತಂದು ಮೂವತ್ತು ತಟ್ಟೆಗೂ ದಪ್ಪನಾಗಿ ಹಾಸಿದೆ. ಹತ್ತಕ್ಕೆ ಹಾಕುವುದನ್ನು ಎಂಟಕ್ಕೇ ಹಾಕಿ ಸ್ಕೂಲಿಗೆ ಓಡಿದೆ, ಸಂಜೆ ಬಂದು ಮತ್ತೆ ಹಾಕಿದೆ. ಎದ್ದಿದ್ದ ನಾಲ್ಕು ಹುಳ ಮೇಯ್ದವು. ಏಳದವು ಸೊಪ್ಪಿನಡಿ ಹೂತುಹೋದವು. ಸೊಪ್ಪು ಬಾಡಿತು, ಬೆವರಿತು, ಮೇಲೆ ಇನ್ನೊಂದು ಪದರ ಬಿತ್ತು. ಶನಿವಾರ ಸಂಜೆಗೆ ಹುಳದ ಮನೆಯಲ್ಲಿ ಕೆಟ್ಟ ವಾಸನೆ ಬರತೊಡಗಿತು. ಕೆಳಗಿನ ಹುಳಗಳು ಮೆತ್ತಗಾಗಿ ಜೋತುಬಿದ್ದಿದ್ದವು. ಏನು ಮಾಡಬೇಕೆಂದು ನನ್ನ ಹಾಳೆಯಲ್ಲಿ ಬರೆದಿರಲಿಲ್ಲ.

ಭಾನುವಾರ ಬೆಳಿಗ್ಗೆ ಅಕ್ಕ ಬಂದಳು. ಮುಖ ತೊಳೆದ ಹಾಗೆ ಹೊಳೆಯುತ್ತಿತ್ತು. ನನ್ನನ್ನು ನೋಡಿ ಏನೋ ಹೇಳಲು ಬಾಯಿ ತೆರೆದವಳು, ವಾಸನೆ ಬಡಿದು ಹಾಗೇ ನಿಂತಳು. ಸೀರೆ ಕೂಡ ಬದಲಾಯಿಸದೆ, ಕಾಲು ತೊಳೆದು ಹುಳದ ಮನೆಗೆ ಹೋಗಿ ಒಂದು ತಟ್ಟೆ ಎಳೆದಳು. ಇನ್ನೊಂದು ಎಳೆದಳು.

"ಎಷ್ಟೊತ್ತಿಗೆ ಹಾಕ್ದೆ?"

"ಶುಕ್ರವಾರ ಆರಕ್ಕೆ. ಬರೆದಿದ್ದ ಹಾಗೇ ಮಾಡಿದೆ ಅಕ್ಕಾ."

"ಎದ್ದಿದ್ವಾ?"

ನಾನು ಗೋಡೆ ನೋಡಿದೆ.

"ಎದ್ದಿದ್ದೀರಾ ಅಂತ ಅವುನ್ನ ಒಂದು ಮಾತು ಕೇಳ್ದೇನೋ?" ಎಂದಳು. ಬೈಯಲಿಲ್ಲ. ತೆಲುಗು ಬರಲಿಲ್ಲ. ತೆಲುಗಿನಲ್ಲಿ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅಮ್ಮನ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೂತು, ಬದುಕಿದ್ದವನ್ನು ಒಂದೊಂದಾಗಿ ಆರಿಸತೊಡಗಿದಳು. ಕತ್ತಲಾಗುವವರೆಗೂ ಇಬ್ಬರೂ ಆರಿಸಿದೆವು. ಹದಿನಾಲ್ಕು ತಟ್ಟೆ ಗುಂಡಿಗೆ ಸುರಿದು ಸುಣ್ಣ ಹಾಕಿ ಮುಚ್ಚಿದೆ. ಗೋಡೆಯ ಹಾಳೆ ಕಿತ್ತು ಒಲೆಗೆ ಹಾಕಿದೆ. ಮಾಲೂರಿನಲ್ಲಿ ಏನಾಯಿತು ಎಂದು ಕೇಳಲು ನನಗೆ ಮುಖವಿರಲಿಲ್ಲ, ಹೇಳಲು ಅವಳಿಗೆ ಪುರುಸೊತ್ತಿರಲಿಲ್ಲ.

ಮೂರು ದಿನ ಬಿಟ್ಟು ಅಕ್ಕ ಒಂದು ಇನ್‌ಲ್ಯಾಂಡ್ ಲೆಟರ್ ತಂದು ನನ್ನ ಮುಂದಿಟ್ಟಳು. ಊರಿಗೆ ಹೋಗಿ ಒಪ್ಪಿಗೆ ತಿಳಿಸುತ್ತೇನೆಂದು ಮಾವನಿಗೆ ಹೇಳಿ ಬಂದಿದ್ದಳಂತೆ. ಅವಳ ಅಕ್ಷರ ವಕ್ರ, ಮನೆಯ ಕಾಗದಗಳನ್ನೆಲ್ಲ ಬರೆಯುತ್ತಿದ್ದವನು ನಾನೇ. "ಬರಿ" ಎಂದಳು. ಮಾವನವರಿಗೆ ನಮಸ್ಕಾರಗಳು. ಬರೆದೆ. ನಾವಿಲ್ಲಿ ಕ್ಷೇಮ. ಬರೆದೆ. "ಆ ಸಂಬಂಧ ಬೇಡ ಅಂತ ಬರಿ." ನನ್ನ ಪೆನ್ನು ಒಂದು ಗಳಿಗೆಯೂ ನಿಲ್ಲಲಿಲ್ಲ. ದುಂಡಗೆ, ಮುತ್ತು ಪೋಣಿಸಿದ ಹಾಗೆ ಬರೆದೆ. ಅಂಟಿಸಿ, ವಿಳಾಸ ಬರೆದು, ಮಾರನೆಯ ದಿನ ನಾನೇ ಡಬ್ಬಕ್ಕೆ ಹಾಕಿದೆ. ಇಷ್ಟು ದೂರ ನನ್ನ ಜೊತೆ ಬಂದಿದ್ದೀರಿ, ನಿಮ್ಮ ಹತ್ತಿರ ಮುಚ್ಚಿಡುವುದೇನು? ಡಬ್ಬದೊಳಗೆ ಕಾಗದ ಬಿದ್ದಾಗ ನನ್ನ ಎದೆ ಹಗುರಾಯಿತು. ಮನೆಗೆ ಬಂದರೆ ಬಿಸಿ ಮುದ್ದೆ ಇರುತ್ತದೆ, ಬಟ್ಟಲು ಹಿಡಿದು ಕೂರಲು ಅಕ್ಕ ಇರುತ್ತಾಳೆ ಎಂದು ಸಂತೋಷವಾಯಿತು. ಯಾಕೆ ಬೇಡ ಎಂದು ಕೇಳಿದರೆ "ನಿನ್ನಿಂದಲೇ" ಎಂದುಬಿಟ್ಟಾಳೆಂಬ ಹೆದರಿಕೆ ಇತ್ತು, ಕೇಳಿ ಮನಸ್ಸು ಬದಲಾಯಿಸಿಬಿಟ್ಟಾಳೆಂಬ ಹೆದರಿಕೆ ಅದಕ್ಕಿಂತ ಹೆಚ್ಚಾಗಿತ್ತು.

ಕಂಪ್ಯೂಟರು ಎರಡು ವರ್ಷಕ್ಕೆ ಬಂತು. ಅಷ್ಟರಲ್ಲಿ ನಾನು ಬಿಟ್ಟಿದ್ದ ಒಂಬತ್ತನೆಯ ಪಾಠವನ್ನು ಹತ್ತು ಸಲ ಓದಿದ್ದೆ. ರಿಟೈರಾಗುವವರೆಗೆ ಎಷ್ಟೋ ತಂಡದ ಮಕ್ಕಳಿಗೆ ನಾನು ಕಲಿಸಿದ ಮೊದಲ ಪಾಠ ಅದೇ. "ಮೊದಲು ಕೇಳಬೇಕು ಕಣ್ರೋ. ಎದುರಿಗಿರೋರನ್ನ ಕೇಳದೆ ನೀವೇ ಒಂದು ಉತ್ತರ ಹಿಡ್ಕೊಂಡು ಹೊರಟ್ರೆ ಎಲ್ಲ ಸತ್ತುಹೋಗುತ್ತೆ" ಎನ್ನುತ್ತಿದ್ದೆ. ಪ್ರೋಗ್ರಾಮ್ ಯಾಕೆ ಸಾಯುತ್ತದೆಂದು ಮಕ್ಕಳಿಗೆ ಅರ್ಥವಾಗುತ್ತಿರಲಿಲ್ಲ, ಆದರೂ ಬರೆದುಕೊಳ್ಳುತ್ತಿದ್ದರು. ನನಗೆ ಮದುವೆಯಾಯಿತು, ಮಕ್ಕಳಾದವು, ಮಕ್ಕಳನ್ನು ಅಕ್ಕನೇ ಎತ್ತಿ ಆಡಿಸಿದಳು. ತೋಟ ಗುತ್ತಿಗೆಗೆ ಕೊಟ್ಟು ಎಲ್ಲರೂ ಮುಳಬಾಗಿಲಿಗೆ ಬಂದೆವು. ಊರಿಗೆಲ್ಲ ಕೇಳು ಕೇಳು ಎಂದು ಕಲಿಸಿದವನು ಮನೆಯೊಳಗೆ ಇದ್ದ ಒಬ್ಬಳನ್ನು ಕೇಳಲಿಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುತ್ತಾರಲ್ಲ, ಆ ಬದನೆಕಾಯಿ ನಾನೇ ತಿಂದದ್ದು, ಮೂವತ್ತು ವರ್ಷಕ್ಕೂ ಮೇಲೆ.

ನಿನ್ನೆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ತಿಂಡಿ ಆದಮೇಲೆ ಅಕ್ಕ ಜಗಲಿಯ ಬಿಸಿಲಿಗೆ ಕಾಲು ಚಾಚಿಕೊಂಡು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಈಗ ಅವಳಿಗೆ ಎಪ್ಪತ್ತು ದಾಟಿದೆ. ನಾನು ಪಕ್ಕದಲ್ಲಿ ಕೂತು, ಆಚೆ ಈಚೆ ಮಾತಾಡಿ, ಕೊನೆಗೆ, "ಮಾಲೂರಿನ ಆ ಮೇಸ್ತ್ರಿ ಹೇಗಿದ್ರಕ್ಕಾ?" ಎಂದೆ.

ಅವಳು ಯಾವ ಮೇಸ್ತ್ರಿ ಎನ್ನಲಿಲ್ಲ. ನೆನಪು ಮಾಡಿಕೊಳ್ಳಲೂ ಇಲ್ಲ. "ಒಳ್ಳೇವ್ರು" ಎಂದಳು. "ನಾನು ಹೊರಟ ದಿನ ಬಸ್‌ಸ್ಟ್ಯಾಂಡಿಗೆ ಬಂದಿದ್ರು, ದೂರದಲ್ಲೇ ನಿಂತಿದ್ರು. ಬಸ್ ಬರ್ತಿದ್ದಂಗೆ ಓಡಿಬಂದು ಕಿಟಕಿಯೊಳ್ಗಿಂದ ಟವಲ್ ಹಾಕಿ ನಂಗೊಂದು ಸೀಟು ಹಿಡಿದ್ರು ಕಣೋ. ನಂಗೆ ಅಂತ ಯಾರೂ ಯಾವತ್ತೂ ಸೀಟು ಹಿಡಿದಿರ್ಲಿಲ್ಲ. ಬಸ್ ಹೊರಟೇಬಿಡ್ತು, ಟವಲ್ ನನ್ನ ಹತ್ರಾನೇ ಉಳೀತು. ಹೋದಾಗ ಕೊಡೋಣ ಅಂತ ಒಗೆದು ಮಡಚಿಟ್ಟಿದ್ದೆ."

ಬೀದಿಯಲ್ಲಿ ಯಾರದೋ ಸ್ಕೂಟರ್ ಹೋಯಿತು. ಅಕ್ಕ ಅಂಗೈಗೆ ಇನ್ನಷ್ಟು ಎಣ್ಣೆ ಸುರಿದುಕೊಂಡಳು.

"ಆವತ್ತು ಬೇಡ ಅಂತ ಬರೀ ಅಂದೆ, ಬರ್ದೆ. ಯಾಕಕ್ಕಾ ಅಂತ ಒಂದು ಮಾತು ಕೇಳ್ತೀಯೇನೋ ಅಂತ ನಿನ್ ಮುಖಾನೇ ನೋಡ್ತಿದ್ದೆ. ಕೇಳಿದ್ದಿದ್ರೆ ಆ ಕಾಗ್ದ ಹರಿದುಹಾಕ್ತಿದ್ದೆ" ಎಂದಳು. ದೂರುವ ದನಿಯಲ್ಲ, ಯಾವುದೋ ಬಸ್ಸು ತಪ್ಪಿದ ಸಂಗತಿ ಹೇಳುವ ಹಾಗೆ ಹೇಳಿದಳು.

ಕ್ಷಮಿಸು ಎನ್ನಬೇಕೆಂದುಕೊಂಡೆ, ಅದು ಅವಳಿಗೆ ಬೇಕಾದ ಮಾತಲ್ಲ ಎನ್ನಿಸಿತು. ಎಣ್ಣೆಯ ಬಟ್ಟಲನ್ನು ಅವಳ ಕೈಯಿಂದ ತೆಗೆದುಕೊಂಡು, ಮಂಡಿಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ತಿಕ್ಕುತ್ತ, "ಯಾಕಕ್ಕಾ?" ಎಂದೆ.

ಅಕ್ಕ ನನ್ನ ಮುಖವನ್ನೇ ನೋಡಿದಳು. "ಈಗ ಕೇಳ್ತೀಯೇನ್ಲಾ?" ಎಂದಳು. ನಾನು ಮಂಡಿ ತಿಕ್ಕುತ್ತ ಕಾದೆ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಮಾಲೂರಿನ ಮಾವನ ಮನೆಯ ಮೊದಲ ದಿನದಿಂದ ಹೇಳಲು ಶುರು ಮಾಡಿದಳು.